ಸೀರೆ ಉಡಿಕೆಗೆ ಗಟ್ಟಿಮೇಳ

ನನ್ನ ತಮ್ಮನ ಗಿಟಾರು ಯಾವ ಕಂಪನಿಯದು ಎಂದು ಕೇಳಿಕೊಂಡು ಈಗಲೂ ಯಾರಾದರೂ ಬರುತ್ತಾರೆ. ಕೂದಲು ಬಿಟ್ಟ ಹುಡುಗರು, ಪೇಪರಿನವರು. ಅಮೆರಿಕದ್ದೋ ಜಪಾನಿನದ್ದೋ, ಯಾರ ಪ್ಲೇಟು ಕೇಳಿ ಕಲಿತದ್ದು, ಯಾರು ಗುರು ಎಂದೆಲ್ಲ ವಿಚಾರಿಸುತ್ತಾರೆ. ಚನ್ನಕೇಶವ ನಕ್ಕು ಸುಮ್ಮನಾಗುತ್ತಾನೆ. ನನಗೆ ಸುಮ್ಮನಿರುವ ಅಭ್ಯಾಸ ಇಲ್ಲ. ಹಲಸಿನ ಮರದ ಕಂಪನಿ, ಹೆಬ್ಬಾಳ ಕೆರೆಯ ಹಿಂದಿನ ತೋಟದ್ದು ಎನ್ನುತ್ತೇನೆ. ತಮಾಷೆ ಎಂದುಕೊಂಡು ಯಾರೂ ಬರೆದುಕೊಳ್ಳುವುದಿಲ್ಲ. ಅದಕ್ಕೇ ನಾನೇ ಹೇಳಿಬಿಡುತ್ತೇನೆ.

ಅಪ್ಪ ಹೋದ ಮೇಲೆ ಆ ದ್ರಾಕ್ಷಿ ತೋಟವನ್ನು ಅವ್ವ ಒಬ್ಬಳೇ ನೋಡಿಕೊಂಡಳು. ಅವಳ ಹೆಸರು ಮುನಿವೆಂಕಟಮ್ಮ. ಬೆನ್ನ ಹಿಂದೆ ಊರಿನವರು ಹೇಳುತ್ತಿದ್ದದ್ದು ಮುಂಡೆ ವೆಂಕಟಿ. ಗಂಡ ಸತ್ತವಳಿಗೆ ನಮ್ಮ ಕಡೆ ಇನ್ನೊಂದು ಹೆಸರಿಡುವ ಕಷ್ಟ ಯಾರೂ ತೆಗೆದುಕೊಳ್ಳುವುದಿಲ್ಲ, ಆ ಒಂದು ಬೈಗುಳವೇ ಸಾಕು. ನನ್ನನ್ನು, ಎಂದರೆ ಪಟಾಲಮ್ಮನನ್ನು, ಬಾಗಲೂರಿಗೆ ಕೊಟ್ಟಿದ್ದರು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ಜ್ವರ ಬಂದು ತೀರಿಕೊಂಡ. ಮನುಷ್ಯ ಕೆಟ್ಟವನಲ್ಲ, ಆದರೆ ಅವನ ಮುಖ ಸರಿಯಾಗಿ ಮನಸ್ಸಿಗೆ ಹತ್ತುವ ಮೊದಲೇ ಹೋಗಿಬಿಟ್ಟ. ಬಳೆ ಒಡೆಸಿಕೊಂಡು ತವರಿಗೆ ಬಂದೆ. ಒಂದೇ ಮನೆಯಲ್ಲಿ ಇಬ್ಬರು ಮುಂಡೆಯರು ಎಂದು ಊರು ಲೆಕ್ಕ ಹಾಕಿತು. ಬೆಳಿಗ್ಗೆ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟಾಗ ನಾವು ಬೀದಿಗೆ ಬಂದರೆ ಅವರು ಮನೆಯೊಳಗೆ ಹೋಗಿ ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ನಾನು ಬೇಕೆಂದೇ ಬರುತ್ತಿದ್ದೆ.

ಚನ್ನ ನನಗಿಂತ ಚಿಕ್ಕವನು. ಹಣ್ಣಿನ ಕಾಲದಲ್ಲಿ ಮಂಕರಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ದಂಡಿಗೆ ಹೋಗುತ್ತಿದ್ದ. ಕಂಟೋನ್ಮೆಂಟನ್ನು ನಮ್ಮವರು ಕರೆಯುತ್ತಿದ್ದುದು ಹಾಗೆ. ಅಲ್ಲಿ ಒಂದು ಹೋಟೆಲಿನ ಹಿಂಬಾಗಿಲಲ್ಲಿ ಹಣ್ಣು ಇಳಿಸುವಾಗ ಒಳಗೆ ಬ್ಯಾಂಡಿನವರು ಪ್ರಾಕ್ಟೀಸ್ ಮಾಡುತ್ತಿದ್ದರು. ಮೊದಲ ಸಲ ಎಲೆಕ್ಟ್ರಿಕ್ ಗಿಟಾರು ಕೇಳಿದ ದಿನ ಖಾಲಿ ಮಂಕರಿಗಳನ್ನು ಅಲ್ಲೇ ಮರೆತು ಬಂದ. ಅವ್ವ ಬೈದಳು.

"ಅವ್ವಾ, ಅದು ಅಳ್ತಾ ಅಳ್ತಾನೇ ಹೊಡೆಯೋಕೂ ಬರ್ತದೆ ಕಣವ್ವಾ" ಎಂದ.

"ನಿಮ್ಮಪ್ಪನೂ ಅಂಗೇ ಇದ್ದ. ಮಂಕರಿ ಎಲ್ಲಿ?" ಎಂದಳು ಅವ್ವ.

ಆಮೇಲೆ ಅವನಿಗೆ ಹುಚ್ಚು ಹಿಡಿಯಿತು. ಯಶವಂತಪುರದಲ್ಲಿ ಲಾಲ್ ಸಾಬರ ಗುಜರಿ ಅಂಗಡಿ. ಅವರ ಮಗ ವಾಜಿದ್ ಚನ್ನನ ಗೆಳೆಯ. ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ, ಕೈಗೆ ಸಿಕ್ಕ ಡಬ್ಬವನ್ನೆಲ್ಲ ಬಾರಿಸುತ್ತಿದ್ದ. ಅಂಗಡಿಯ ರೇಡಿಯೋದಲ್ಲಿ ಸಿಲೋನ್ ಸ್ಟೇಷನ್ ಹಿಡಿದು ಇಬ್ಬರೂ ಇಂಗ್ಲಿಷ್ ಹಾಡುಗಳಿಗೆ ಕಿವಿ ಕೊಟ್ಟು ಕೂರುತ್ತಿದ್ದರು. ಮಾತು ಒಂದೂ ತಿಳಿಯುತ್ತಿರಲಿಲ್ಲ. ಮಾತು ಹೋಗಲಿ, ತಂತಿಯ ಮೇಲೆ ಬೆರಳು ಎಲ್ಲಿಗೆ ಹೋಗುತ್ತಿದೆ ಎಂಬುದು ಅವರಿಗೆ ತಿಳಿಯುತ್ತಿತ್ತು. ಆದರೆ ಚನ್ನನ ನಿಜವಾದ ಗುರು ನಮ್ಮೂರ ಓಲಗದ ಪಿಳ್ಳಪ್ಪ. ನಾಗಸ್ವರದಲ್ಲಿ ಪಿಳ್ಳಪ್ಪ ಒಂದು ಸ್ವರದಿಂದ ಇನ್ನೊಂದಕ್ಕೆ ಹಾರುತ್ತಿರಲಿಲ್ಲ, ಜಾರುತ್ತಿದ್ದ. ಗಿಟಾರು ಕೈಗೆ ಬಂದ ಮೇಲೆ ಚನ್ನ ತಂತಿಯನ್ನು ಬೆರಳಲ್ಲಿ ಪಕ್ಕಕ್ಕೆ ಎಳೆದು ಅದೇ ಜಾರಿಕೆ ತರುತ್ತಿದ್ದ. ಇದನ್ನು ಯಾವ ಅಮೆರಿಕದವನಿಂದ ಕಲಿತೆ ಎಂದು ದಂಡಿನವರು ಮುಂದೆ ಕೇಳಿದರಂತೆ. ಪಿಳ್ಳಪ್ಪ ದೇವನಹಳ್ಳಿ ದಾಟಿ ಹೋದವನಲ್ಲ.

ಗಿಟಾರು ಕೊಳ್ಳುವ ಮಾತು ನಮ್ಮಂಥವರಿಗೆ ದೂರ. ಬದುವಿನಲ್ಲಿ ಬಿದ್ದಿದ್ದ ಹಲಸಿನ ಮರ ಕೊಯ್ಯಿಸಿದ. ವೀಣೆಗೆ ಆಗುವ ಮರ ಇದಕ್ಕೇಕೆ ಆಗಬಾರದು ಎಂದು ಅವನ ವಾದ. ಕೈಹಿಡಿಗೆ ಹಳೆಯ ಮಂಚದ ಪಟ್ಟಿ. ಬೆರಳಿಡುವ ಮೆಟ್ಟಿಲುಗಳಿಗೆ ದ್ರಾಕ್ಷಿ ಚಪ್ಪರದ ತಂತಿಯನ್ನೇ ಕತ್ತರಿಸಿ ಕೂರಿಸಿದ. ತಂತಿಗಳನ್ನು ಮಾತ್ರ ಬಳೇಪೇಟೆಯಿಂದ ತಂದ. ಎಲ್ಲ ಆದ ಮೇಲೆ ಉಳಿದದ್ದು ಪಿಕಪ್. ತಂತಿಯ ಅದುರನ್ನು ಕರೆಂಟು ಮಾಡಿ ಆಂಪ್ಲಿಫೈಯರಿಗೆ ಕಳಿಸುವ ಸುರುಳಿ ಅದು. ಗುಜರಿಯಲ್ಲಿ ಸಿಕ್ಕ ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಲೆಕ್ಕವಿಟ್ಟು ಸುತ್ತಬೇಕು. ಕಡಿಮೆಯಾದರೆ ದನಿ ಏಳುವುದಿಲ್ಲ, ಹೆಚ್ಚಾದರೆ ಹಿಡಿತಕ್ಕೆ ಸಿಗುವುದಿಲ್ಲ.

ಬೈರಣ್ಣ ನಮ್ಮ ಮನೆಗೆ ಬಂದದ್ದು ಹಾಗೆ. ನಾಗಸಂದ್ರದವನು, ಯಶವಂತಪುರದಲ್ಲಿ ಮೋಟರ್ ವೈಂಡಿಂಗ್ ಕೆಲಸ. ನಮ್ಮ ಪಂಪ್‌ಸೆಟ್ಟು ಸುಟ್ಟಾಗ ಅದರ ಸುರುಳಿ ಸುತ್ತಿಕೊಟ್ಟಿದ್ದ. ಒಂದು ಭಾನುವಾರ ಕೈಯಲ್ಲಿ ತಿರುಗಿಸುವ ಯಂತ್ರ ಹೊತ್ತು ತಂದು ಜಗುಲಿಯ ಮೇಲಿಟ್ಟ. ಚನ್ನ ಬಣ್ಣ ತರಲು ಹೋಗಿದ್ದ. ಹಿಡಿ ತಿರುಗಿಸುವುದಕ್ಕೆ ನಾನು ಕೂತೆ. ಅವನು ತಂತಿಯನ್ನು ಬೆರಳ ಸಂದಿಯಲ್ಲಿ ಬಿಡುತ್ತ ಬಾಯಲ್ಲೇ ಎಣಿಸುತ್ತಿದ್ದ.

"ನಿಧಾನ ತಿರುಗ್ಸಿ, ಕಿತ್ತೋಗ್ತದೆ" ಎಂದ.

ಸ್ವಲ್ಪ ಹೊತ್ತು ನಿಧಾನವಾಗಿಯೇ ತಿರುಗಿಸಿದೆ. ಆಮೇಲೆ ಕೇಳಿದೆ, "ನಿಮಗೆ ಮದುವೆ ಆಗಿದ್ಯಾ?"

ಬೈರಣ್ಣನ ಬಾಯಲ್ಲಿದ್ದ ಅಂಕಿ ಅಲ್ಲೇ ನಿಂತಿತು. ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಹೋಗಲಿಲ್ಲ.

"ಎಣಿಕೆ ಬಿಟ್ಟೋಯ್ತಲ್ಲಾ" ಎಂದ.

"ಹೋದ್ರೆ ಹೋಗ್ಲಿ. ತಂತಿ ಮುಗಿಯೋವರ್ಗೂ ಸುತ್ತಿ."

ಹಾಗೇ ಸುತ್ತಿದೆವು. ಮಾತಾಡುತ್ತ ಉಂಡೆಯಲ್ಲಿದ್ದ ತಂತಿಯೆಲ್ಲ ಮುಗಿಯುವವರೆಗೂ ಸುತ್ತಿದೆವು. ಚನ್ನ ಬಂದು ನೋಡಿ ತಲೆ ಚಚ್ಚಿಕೊಂಡ. ಬಿಚ್ಚಿದರೆ ತಂತಿ ಉಳಿಯುವುದಿಲ್ಲ, ಆದದ್ದಾಗಲಿ ಎಂದು ಅದನ್ನೇ ಕೂರಿಸಿದ. ಆ ಗಿಟಾರಿನ ಗಂಟಲು ನಮ್ಮಿಬ್ಬರ ಮಾತಿನಿಂದ ದಪ್ಪವಾದದ್ದು. ಬೇರೆ ಗಿಟಾರು ಮಾತಾಡುವ ಕಡೆ ಇದು ಕಿರುಚುತ್ತಿತ್ತು. ಲೌಡ್‌ಸ್ಪೀಕರಿನ ಎದುರಿಗೆ ಬಂದರಂತೂ ಬೆರಳು ಇಡುವ ಮೊದಲೇ ತಾನಾಗಿಯೇ ಊಳಿಡಲು ಶುರು ಮಾಡುತ್ತಿತ್ತು. ತಂತಿಯ ದನಿ ಸ್ಪೀಕರಿಗೆ ಹೋಗಿ, ಸ್ಪೀಕರಿನ ದನಿ ಮತ್ತೆ ತಂತಿಯನ್ನು ಅದುರಿಸಿ, ಒಂದನ್ನೊಂದು ಉರಿಸುತ್ತ ಹೋಗುತ್ತವೆ ಎಂದು ಬೈರಣ್ಣ ವಿವರಿಸಿದ. ನಾನು ಅವನ ಮುಖ ನೋಡುತ್ತಿದ್ದೆ.

ದಂಡಿನ ಆ ಹೋಟೆಲಿನ ಬ್ಯಾಂಡಿನವರು ಚನ್ನನನ್ನು ಸೇರಿಸಿಕೊಂಡರು. ಭಾನುವಾರದ ಡ್ಯಾನ್ಸಿಗೆ ನುಡಿಸುತ್ತಿದ್ದ. ಬೆರಳನ್ನು ಮೆಚ್ಚಿದರು, ಗಿಟಾರನ್ನು ಮೆಚ್ಚಲಿಲ್ಲ. ಇದು ಗಿಟಾರಲ್ಲ ನರಿ, ಒಳ್ಳೆಯದೊಂದು ತರುವವರೆಗೆ ಮೂಲೆಯಲ್ಲಿ ನಿಂತು ಮೆತ್ತಗೆ ನುಡಿಸು ಎಂದು ಬ್ಯಾಂಡಿನ ಯಜಮಾನ ಹೇಳಿದ. ಚನ್ನ ಮೂಲೆಯಲ್ಲಿ ನಿಂತ. ಮೆತ್ತಗೆ ನುಡಿಸಲಿಲ್ಲ.

ಇಷ್ಟು ಹೊತ್ತಿಗೆ ಬೈರಣ್ಣ ಅವ್ವನ ಮುಂದೆ ಕೂತು ನನ್ನನ್ನು ಕೊಡುತ್ತೀರಾ ಎಂದು ಕೇಳಿದ್ದ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಳು ಮುಗಿದ ಮೇಲೆ, "ಆಗ್ಲಪ್ಪ. ಸೀರೆ ಉಡಿಕೆ ಮಾಡ್ಬುಡಾನ" ಎಂದಳು.

ಗಂಡ ಸತ್ತವಳು ಮತ್ತೆ ಮದುವೆಯಾಗಬಾರದು ಎಂದು ನಮ್ಮವರಲ್ಲಿ ಇಲ್ಲ. ಆಗಬಹುದು, ಕಳ್ಳತನದ ಹಾಗೆ. ಕತ್ತಲಾದ ಮೇಲೆ ಹಿತ್ತಲಲ್ಲಿ ಆತ ಒಂದು ಸೀರೆ ಕೊಡಬೇಕು, ಇವಳು ಉಟ್ಟುಕೊಳ್ಳಬೇಕು, ಬೆಳಕು ಹರಿಯುವ ಮೊದಲು ಅವನ ಹಿಂದೆ ಊರು ಬಿಡಬೇಕು. ಚಪ್ಪರ ಇಲ್ಲ, ಓಲಗ ಇಲ್ಲ. ಮುತ್ತೈದೆಯರು ಅವಳ ಮುಖ ನೋಡುವುದಿಲ್ಲ. ಆ ಮೇಲೆಯೂ ಅವಳು ಯಾರ ಮದುವೆಯಲ್ಲೂ ಆರತಿ ಎತ್ತುವ ಹಾಗಿಲ್ಲ. ಅದಕ್ಕೆ ಉಡಿಕೆಯವಳು ಎಂದು ಹೆಸರು.

"ನಾನು ಏನ್ ಕದ್ದಿದೀನವ್ವಾ?" ಎಂದೆ. "ಹಗಲಲ್ಲೇ ಆಗ್ಬೇಕು. ತಾಳಿ ಕಟ್ಟಿಸ್ಕೊಂಡು, ಗಟ್ಟಿಮೇಳ ಊದಿಸ್ಕೊಂಡು ಆಗ್ಬೇಕು. ಇಲ್ದಿದ್ರೆ ಬೇಡ."

"ಊರು ಸುಮ್ಕಿರ್ತದೇನವ್ವ?"

"ಊರು ಯಾವತ್ತು ಸುಮ್ನಿತ್ತು?"

ಊರಿನ ಯಜಮಾನ ದೊಡ್ಡಮುನಿಯಪ್ಪ, ಅಪ್ಪನ ದೊಡ್ಡಪ್ಪನ ಮಗ. ಆತನ ದನಿ ಕೆರೆಯ ಆಚೆ ದಡದವರೆಗೆ ಕೇಳಿಸುತ್ತದೆಂದು ಖ್ಯಾತಿ. ಸುದ್ದಿ ಮುಟ್ಟಿದ ದಿನವೇ ಬಂದು ಅಂಗಳದಲ್ಲಿ ನಿಂತ. ಜಗುಲಿ ಹತ್ತಲಿಲ್ಲ.

"ಏನಮ್ಮಿ ವೆಂಕಟಮ್ಮ, ಅಗಲೊತ್ನಲ್ಲಿ ಉಡಿಕೆ ಮಾಡ್ತಾರಂತೆ? ಚಪ್ಪರ ಆಕ್ಬಾರ್ದು. ಓಲಗ ಊದ್ಬಾರ್ದು. ತಿಳೀತಾ?"

"ಮಗು ಕೇಳ್ತದೆ ಭಾವ..." ಎಂದಳು ಅವ್ವ.

"ಕೇಳ್ಲಿ. ತಾಳಿ ಕಟ್ಟೋ ಒತ್ಗೆ ನಾನೇ ಬಂದು ನಿಂತ್ಕಂಡು ಮುಂಡೆ ಅಂತ ಕೂಗ್ತೀನಿ. ಆ ಮಾತು ಬಿದ್ಮೇಲೆ ಅದೆಂಥ ತಾಳೀನೋ ನೋಡಾನ."

ಇದು ಸಣ್ಣ ಬೆದರಿಕೆಯಲ್ಲ. ಗಟ್ಟಿಮೇಳ ಇರುವುದೇ ಅದಕ್ಕೆ. ತಾಳಿ ಬೀಳುವ ಹೊತ್ತಿಗೆ ಸೀನೋ ಅಳುವೋ ಕೆಟ್ಟ ಮಾತೋ ಯಾರ ಕಿವಿಗೂ ಬೀಳಬಾರದು ಎಂದು ಓಲಗದವರು ಉಸಿರು ಕಟ್ಟಿ ಊದುತ್ತಾರೆ, ಡೋಲು ಹರಿಯುವ ಹಾಗೆ ಬಡಿಯುತ್ತಾರೆ. ಓಲಗ ಇಲ್ಲವೆಂದರೆ ಆ ಕ್ಷಣ ಬಯಲಾಗಿರುತ್ತದೆ, ಯಾರು ಏನು ಬೇಕಾದರೂ ಎಸೆಯಬಹುದು. ನಾಗಸಂದ್ರದಿಂದ ಬೈರಣ್ಣನ ತಾಯಿ ಸುಬ್ಬಮ್ಮ ಬಂದು ನೇರವಾಗಿಯೇ ಹೇಳಿದಳು: "ನೀನು ಒಳ್ಳೇ ಎಣ್ಣು, ನಂಗೇನಿಲ್ಲ. ಆದ್ರೆ ತಾಳಿ ಮೇಲೆ ಆ ಮಾತು ಬಿದ್ರೆ ನನ್ ಮಗ ಉಳಿಯಾಕಿಲ್ಲ. ನನ್ ಕಿವೀಗೆ ಬಿತ್ತೋ, ಅವನ್ನ ಎಬ್ಬಿಸ್ಕಂಡು ಓಯ್ತೀನಿ." ನನಗೆ ಅವಳ ಮೇಲೆ ಕೋಪ ಬರಲಿಲ್ಲ. ಒಬ್ಬನೇ ಮಗ.

ಪಿಳ್ಳಪ್ಪ ಹಿತ್ತಲ ಬಾಗಿಲಿಗೆ ಬಂದು ನಿಂತ. ಓಲಗ ಊದಿದರೆ ಸುಗ್ಗಿಯಲ್ಲಿ ಅವನಿಗೆ ಯಾರೂ ಕಾಳು ಅಳೆಯಬಾರದೆಂದು ಯಜಮಾನ ಹೇಳಿಬಿಟ್ಟಿದ್ದ. ಏಳು ಜನ ಉಣ್ಣುವ ಮನೆ ಅವನದು.

"ಕೈ ಕಟ್ಟಾಕ್ಬುಟ್ರು ಕಣವ್ವ" ಎಂದು ಅತ್ತ.

ಚನ್ನ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. "ಪಿಳ್ಳಣ್ಣ, ಓಲಗ ಊದ್ಬಾರ್ದು ಅಂದವ್ರೆ. ಗಿಟಾರ್ ಬಾರಿಸ್ಬಾರ್ದು ಅಂದವ್ರಾ?"

"ಅದ್ಯಾಕೆ ಅಂತಾರೆ, ಅವ್ರಿಗೇನ್ ಗೊತ್ತು ಅದು?"

"ಹಂಗಾದ್ರೆ ಕೂತ್ಕೋ. ಗಟ್ಟಿಮೇಳದ ಪೆಟ್ಟು ಎಲ್ಲೆಲ್ಲಿ ಬೀಳ್ತದೆ ನಂಗೆ ತೋರ್ಸು."

ಪಿಳ್ಳಪ್ಪ ಬಾಯಲ್ಲಿ ಹೇಳಿದ, ತೊಡೆಯ ಮೇಲೆ ತಟ್ಟಿದ. ಚನ್ನ ಮರುದಿನವೂ ಅದರ ಮರುದಿನವೂ ಅದನ್ನೇ ನುಡಿಸಿದ. ಮುಹೂರ್ತ ಬಿದ್ದದ್ದು ಭಾನುವಾರ. ದಂಡಿನಲ್ಲಿ ಅದೇ ದಿನ ಅದೇ ಹೊತ್ತಿಗೆ ದೊಡ್ಡ ಡ್ಯಾನ್ಸು. ಬರದಿದ್ದರೆ ಇನ್ನು ಬರುವುದೇ ಬೇಡ ಎಂದು ಬ್ಯಾಂಡಿನ ಯಜಮಾನ ಹೇಳಿ ಕಳಿಸಿದ. ಚನ್ನ ಇದನ್ನು ನನಗೆ ಹೇಳಲಿಲ್ಲ. ವಾಜಿದ್ ಹೇಳಿದ. ನನ್ನ ತಮ್ಮ ಹಸಿದವನ ಹಾಗೆ ಬಯಸಿದ್ದ ಒಂದೇ ಒಂದು ಜಾಗ ಅದು, ನನಗೆ ಗೊತ್ತು. ಆದರೂ ಹೋಗು ಎಂದು ನಾನು ಹೇಳಲಿಲ್ಲ. ಅವನೂ ಹೇಳಿಸಿಕೊಳ್ಳುವವನಾಗಿರಲಿಲ್ಲ.

ಆ ಬೆಳಿಗ್ಗೆ ದ್ರಾಕ್ಷಿ ಬಳ್ಳಿಯ ಕೆಳಗೆ ಚಾಪೆ ಹಾಸಿದರು. ಪುರೋಹಿತರು ಬರಲಿಲ್ಲ, ಮುತ್ತೈದೆಯರು ಬರಲಿಲ್ಲ. ವಾಜಿದನ ತಾಯಿ ಅಕ್ಬರಿ ಬಂದು ನನ್ನ ತಲೆಗೆ ಹೂವು ಮುಡಿಸಿದಳು. ಮದುಮಗಳಾಗುವ ನನ್ನ ಹತ್ತಿರ ಬರಲು ಅವ್ವ ಹೆದರಿದಳು, ತನ್ನ ನೆರಳು ಕೂಡ ಸೋಕಬಾರದೆಂದು ದೂರ ಕಂಬ ಹಿಡಿದು ನಿಂತಳು. "ಇಲ್ಲಿ ಬಾ" ಎಂದು ಕೂಗಿದೆ. ಬರಲಿಲ್ಲ. ಹೋಗಿ ಕೈ ಹಿಡಿದು ಎಳೆದು ತಂದು ಪಕ್ಕದಲ್ಲಿ ಕೂರಿಸಿಕೊಂಡೆ. ಹಿಡಿದ ಕೈ ಬಿಡಲಿಲ್ಲ. ವಾಜಿದ್ ಲಾರಿ ಬ್ಯಾಟರಿಯ ಮೇಲೆ ಆಂಪ್ಲಿಫೈಯರ್ ಹಾಕಿ, ಲೌಡ್‌ಸ್ಪೀಕರಿನ ಎರಡು ಹಾರ್ನುಗಳನ್ನು ಕಲ್ಲುಕಂಬಗಳಿಗೆ ಕಟ್ಟಿದ.

ದೊಡ್ಡಮುನಿಯಪ್ಪ ತನ್ನ ಕಡೆಯವರನ್ನೆಲ್ಲ ಕಟ್ಟಿಕೊಂಡು ಬಂದು ಬಾವಿಕಟ್ಟೆಯ ಹತ್ತಿರ ನಿಂತ.

"ಚಪ್ಪರ ಆಕ್ಬ್ಯಾಡಿ ಅಂದಿದ್ನಲ್ಲ?"

"ನಾವೆಲ್ಲಿ ಹಾಕಿದ್ವಿ ದೊಡ್ಡಪ್ಪ? ದ್ರಾಕ್ಷಿ ಹಾಕ್ಕೊಂಡಿರೋದು" ಎಂದೆ. ಮದುಮಗಳು ತಲೆಯೆತ್ತಿ ಮಾತಾಡಿದ್ದಕ್ಕೆ ಬಾವಿಯ ಕಡೆ ಗುಜುಗುಜು ಎದ್ದಿತು. ಸುಬ್ಬಮ್ಮ ಕಣ್ಣುಮುಚ್ಚಿ ಕೂತಿದ್ದಳು, ಕಿವಿ ಮಾತ್ರ ತೆರೆದಿದ್ದವು.

ಬೈರಣ್ಣ ಅರಿಶಿನದ ದಾರ ಕೈಗೆತ್ತಿಕೊಂಡ. ಚನ್ನ ತಂತಿಯ ಮೇಲೆ ಕೈ ಬೀಸಿದ. ವಾಜಿದ್ ಎಣ್ಣೆ ಡಬ್ಬದ ಮೇಲೆ ಜೊತೆ ಹಿಡಿದ. ಗಟ್ಟಿಮೇಳವೇ, ಸಂಶಯವಿಲ್ಲ. ಪಿಳ್ಳಪ್ಪ ಬೇಲಿಯ ಆಚೆ ನಿಂತು ತೊಡೆ ತಟ್ಟುತ್ತಿದ್ದ. ಆದರೆ ಓಲಗಕ್ಕೂ ಇದಕ್ಕೂ ಒಂದು ವ್ಯತ್ಯಾಸವಿತ್ತು. ಓಲಗದವನ ಉಸಿರು ಕಡಿಯುವುದಿಲ್ಲ. ತಂತಿಗೆ ಪೆಟ್ಟು ಬಿದ್ದು, ಮುಂದಿನ ಪೆಟ್ಟು ಬೀಳುವವರೆಗೆ ಒಂದು ಸಂದು ಉಳಿಯುತ್ತದೆ. ಅಷ್ಟು ಸಂದು ದೊಡ್ಡಮುನಿಯಪ್ಪನಿಗೆ ಸಾಕಾಗಿತ್ತು. ಅವನು ಮೂರ್ಖನಲ್ಲ. ಎರಡು ಪೆಟ್ಟು ಕೇಳಿ, ಮೂರನೆಯದರ ಸಂದಿಗೆ ಸರಿಯಾಗಿ ಬಾಯಿ ಹಾಕಿದ.

"ಮುಂ..."

ಉಳಿದರ್ಧ ಪೆಟ್ಟಿನ ಕೆಳಗೆ ಹೋಯಿತು. ಬೈರಣ್ಣನ ಕೈ ನನ್ನ ಕುತ್ತಿಗೆಯ ಹತ್ತಿರ ನಿಂತುಬಿಟ್ಟಿತು. ಸುಬ್ಬಮ್ಮ ಕಣ್ಣು ಬಿಟ್ಟಳು, ನೆಲಕ್ಕೆ ಕೈಯೂರಿ ಏಳಲು ಹೊರಟಳು. ದೊಡ್ಡಮುನಿಯಪ್ಪ ಇನ್ನೊಮ್ಮೆ ಎದೆ ತುಂಬ ಉಸಿರು ಎಳೆದುಕೊಳ್ಳುವುದು ನನಗೆ ಕಾಣಿಸುತ್ತಿತ್ತು. ಮುಗಿಯಿತು ಎಂದುಕೊಂಡೆ. ಕತ್ತಲಲ್ಲೇ ಒಪ್ಪಿಕೊಂಡಿದ್ದರೆ ಆಗಿಹೋಗುತ್ತಿತ್ತಲ್ಲ ಎಂದು, ಸುಳ್ಳೇಕೆ, ಆ ಒಂದು ಗಳಿಗೆ ಅನ್ನಿಸಿತು.

ಆಗ ಚನ್ನ ನುಡಿಸುವುದನ್ನು ನಿಲ್ಲಿಸಿದ. ನಮ್ಮ ಕಡೆ ಬೆನ್ನು ಮಾಡಿ, ಗಿಟಾರನ್ನು ಎದೆಯ ಮೇಲೆ ಎತ್ತಿಕೊಂಡು ನೇರವಾಗಿ ಹಾರ್ನಿನ ಬಾಯಿಗೆ ಎದುರಾಗಿ ನಿಂತ. ತಂತಿಗೆ ಕೈ ತಾಕಿಸಲೂ ಇಲ್ಲ. "ವಾಜಿದ್, ಪೂರ್ತಿ ತಿರುಗ್ಸು!" ಎಂದು ಕಿರುಚಿದ. ವಾಜಿದ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ.

ಅದು ಊಳಿಟ್ಟಿತು. ದಂಡಿನವರು ನರಿ ಎಂದರಲ್ಲ, ಆ ನರಿ. ಸಂದು ಇಲ್ಲ, ಉಸಿರು ಇಲ್ಲ, ಏರುತ್ತಲೇ ಹೋಯಿತು. ಕೆರೆಯ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ದನಗಳು ಹಗ್ಗ ಕಿತ್ತವು. ನನ್ನ ಹಲ್ಲುಗಳ ಬುಡ ಅದುರುತ್ತಿತ್ತು, ಕೈಯೊಳಗಿನ ಅವ್ವನ ಕೈ ಅದುರುತ್ತಿತ್ತು. ಎದುರಿಗೆ ದೊಡ್ಡಮುನಿಯಪ್ಪ. ಅವನ ಕುತ್ತಿಗೆಯ ನರ ಉಬ್ಬಿತ್ತು, ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು. ಕೆರೆಯ ಆಚೆ ದಡಕ್ಕೆ ಕೇಳಿಸುವ ದನಿ ಬಾವಿಕಟ್ಟೆಯಿಂದ ನನ್ನ ತನಕ ಬರಲಿಲ್ಲ. ನಾನು ಅವನ ಬಾಯಿಯನ್ನೇ ನೋಡಿದೆ. ಬಾಲ್ಯದಿಂದ ಹೆದರಿಕೊಂಡು ಬಂದಿದ್ದ ಬಾಯಿ ಅದು. ನೋಡುತ್ತ ನೋಡುತ್ತ ನಗು ಬಂತು. ತಡೆಯಲಾಗದೆ ಜೋರಾಗಿ ನಕ್ಕೆ. ಅದೂ ಯಾರಿಗೂ ಕೇಳಿಸಲಿಲ್ಲ.

"ಕಟ್ಟಿ" ಎಂದು ಬೈರಣ್ಣನಿಗೆ ತುಟಿಯಲ್ಲೇ ಹೇಳಿದೆ. ಅವನು ಮೂರು ಗಂಟು ಹಾಕಿದ. ಸುಬ್ಬಮ್ಮ ಎರಡೂ ಕೈಗಳಿಂದ ಅಕ್ಷತೆ ಎರಚಿದಳು.

ಊರು ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿತು. ಕ್ಷೌರಿಕ ಬರಲಿಲ್ಲ, ಅಗಸ ಬರಲಿಲ್ಲ. ದ್ರಾಕ್ಷಿ ಕೊಯ್ಯಲು ಆಳು ಸಿಗಲಿಲ್ಲ, ಅವ್ವನೂ ಚನ್ನನೂ ವಾಜಿದನ ಮನೆಯವರೂ ಸೇರಿ ಕೊಯ್ದರು. ದಂಡಿನ ಬ್ಯಾಂಡು ಬೇರೊಬ್ಬನನ್ನು ಇಟ್ಟುಕೊಂಡಿತು. ಅವನ ಕೈಯಲ್ಲಿ ಕೆಂಪು ಬಣ್ಣದ ವಿಲಾಯತಿ ಗಿಟಾರು ಇತ್ತಂತೆ. "ಹೋಗ್ಲಿ ಬಿಡಕ್ಕ, ಅಲ್ಲಿ ಮೂಲೇಲಿ ನಿಂತು ನಿಂತು ಬೆನ್ನು ಗೋಡೆಗೆ ಅಂಟ್ಕೊಂಡಿತ್ತು" ಎಂದ ಚನ್ನ. ಅವನ ಮುಖ ಹಾಗೆ ಹೇಳುತ್ತಿರಲಿಲ್ಲ. ಅವನೂ ವಾಜಿದನೂ ಸೇರಿ ತಮ್ಮದೇ ಬ್ಯಾಂಡು ಕಟ್ಟಬೇಕು ಎಂದುಕೊಂಡರು. ಯಾರು ಕರೆಯುತ್ತಾರೆ ಎಂಬುದೇ ಗೊತ್ತಿರಲಿಲ್ಲ.

ನಾನು ಗೌರಿ ಹಬ್ಬಕ್ಕೆ ತವರಿಗೆ ಬಂದಿದ್ದಾಗ ಒಬ್ಬಳು ಹೆಂಗಸು ಬೇಲಿ ದಾಟಿ ಬಂದಳು. ಬಿಸಿಲಲ್ಲಿ ನಡೆದು ಬಂದಿದ್ದಳು, ಹಣೆ ಬೋಳು, ಕಾಲು ಮೊಣಕಾಲಿನವರೆಗೆ ಧೂಳು. ಜಗುಲಿಯ ಕೆಳಗೇ ನಿಂತಳು.

"ಗಿಟಾರ್ ಊದೋರ ಮನೆ ಇದೇನವ್ವ?"

"ಇದೇ. ಎಲ್ಲಿಂದ ಬಂದ್ರಿ?" ಎಂದೆ.

"ಚಿಕ್ಕಜಾಲ. ನನ್ ಮಗಳ್ದು ಉಡಿಕೆ ಐತೆ." ನನ್ನ ಕೊರಳಿನ ತಾಳಿಯನ್ನೊಮ್ಮೆ ನೋಡಿ ದನಿ ತಗ್ಗಿಸಿದಳು. "ಅಗಲೊತ್ನಲ್ಲೇ ಆಗ್ಬೇಕು ಅಂತ ಕುಂತವ್ಳೆ. ನಮ್ಮೂರ್ನಾಗೂ ಕೂಗೋರವ್ರೆ. ಆಯಪ್ಪ ಬತ್ತಾನಾ?"

ಚನ್ನ ಜಗುಲಿಯ ಮೇಲೆ ಕೂತು ಹೊಸ ತಂತಿ ಬಿಗಿಯುತ್ತಿದ್ದ. ಏನು ಹೇಳಬೇಕೆಂದು ತಿಳಿಯದೆ ನನ್ನ ಮುಖ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವ್ವನ ದನಿ ಬಂತು. ಅವ್ವ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ.

"ಬತ್ತಾನೆ ಅಂತ ಏಳೇ! ಮಗಳ ಪಕ್ಕದಾಗೆ ಎತ್ತವ್ಳೇ ಕುಂತ್ಕಬೇಕು, ದೂರ ನಿಂತ್ಕಬಾರ್ದು ಅಂತಾನೂ ಏಳು."